ಎಳೆಯ ಕೈಗಳೂ ದೂರದ ಹಣವೂ

ಮದುವೆಯ ಮನೆಯಲ್ಲಿ ರೇಷ್ಮೆಯ ಸೀರೆಯನ್ನು ಮೆಚ್ಚದವರಿಲ್ಲ. ಅದರ ಬಣ್ಣ, ಸೆರಗು, ಬೆಲೆ ಇವುಗಳನ್ನು ಕುರಿತು ಮಾತು ನಡೆಯುತ್ತದೆ. ಆ ಎಳೆ ಯಾರ ಬೆರಳುಗಳ ನಡುವೆ ಹಾದುಬಂದಿತೆಂದು ವಿಚಾರಿಸುವವರು ಮಾತ್ರ ವಿರಳ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ರಾಮನಗರ, ಚನ್ನಪಟ್ಟಣಗಳಿವೆ. ಒಂದು ಮಗ್ಗುಲಿಗೆ ಮಾಗಡಿ, ಇನ್ನೊಂದು ಮಗ್ಗುಲಿಗೆ ಕನಕಪುರ. ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದ್ದ ಈ ನಾಲ್ಕು ತಾಲ್ಲೂಕುಗಳನ್ನು 2007ರಲ್ಲಿ ಬೇರ್ಪಡಿಸಿ ರಾಮನಗರ ಜಿಲ್ಲೆಯನ್ನು ರಚಿಸಲಾಯಿತು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿತು. ಹೆಸರು ಏನೇ ಇರಲಿ, ಈ ಸೀಮೆಯ ಬಾಳು ಹಿಪ್ಪುನೇರಳೆಯ ಸೊಪ್ಪಿಗೂ ರೇಷ್ಮೆಯ ಗೂಡಿಗೂ ಹೊಂದಿಕೊಂಡಿದೆ. ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾ ಖಂಡದಲ್ಲಿಯೇ ದೊಡ್ಡದೆಂದು ಹೆಸರಾದುದು.

ಗೂಡು ನೂಲಾಗುವ ಬಗೆಯನ್ನು ಸ್ವಲ್ಪ ಗಮನಿಸಬೇಕು. ಗೂಡುಗಳನ್ನು ಕುದಿಯುವ ನೀರಿನಲ್ಲಿ ಬೇಯಿಸಿದರೆ ಎಳೆಗಳನ್ನು ಹಿಡಿದಿಟ್ಟ ಅಂಟು ಸಡಿಲವಾಗುತ್ತದೆ. ಬಳಿಕ ಬಿಸಿನೀರಿನ ತೊಟ್ಟಿಯಲ್ಲಿ ಬೆರಳಾಡಿಸಿ, ಗೂಡುಗಳ ತುದಿಗಳನ್ನು ಹುಡುಕಿ, ಹಲವು ಎಳೆಗಳನ್ನು ಕೂಡಿಸಿ ರಾಟೆಗೆ ಸುತ್ತಬೇಕು. ದಿನವಿಡೀ ನೀರಿನಲ್ಲಿ ನೆನೆದ ಅಂಗೈ ಬಿಳಿಚಿ, ಬಿರಿದು, ಗುಳ್ಳೆಯೇಳುತ್ತದೆ. ಬೆಂದ ಹುಳುವಿನ ನಾತವನ್ನು, ಒಲೆಯ ಹೊಗೆಯನ್ನು ಉಸಿರಾಡುತ್ತ ಕುಳಿತಿರಬೇಕು. ಆಮೇಲೆ ಆ ನೂಲನ್ನು ಹುರಿಗೊಳಿಸುವ ಯಂತ್ರಗಳ ಮುಂದೆ, ಕಿವಿಗಡಚಿಕ್ಕುವ ಸದ್ದಿನಲ್ಲಿ, ಹೊತ್ತು ಮುಳುಗುವವರೆಗೆ ನಿಂತು, ಕಡಿದ ಎಳೆಗಳನ್ನು ಗಂಟಿಕ್ಕಬೇಕು. ಈ ಎರಡೂ ಕೆಲಸಗಳಲ್ಲಿ ಬಹುಕಾಲ ಮಕ್ಕಳನ್ನು ದುಡಿಸಿಕೊಳ್ಳಲಾಯಿತು. ಮಕ್ಕಳ ಬೆರಳು ಚುರುಕು, ಆದುದರಿಂದಲೇ ಅವರು ಬೇಕು ಎಂದು ವಾದಿಸುವುದುಂಟು. ಈ ವಾದವನ್ನು ನಾನು ಒಪ್ಪಲಾರೆ. ಅದೇ ತೊಟ್ಟಿಯ ಬಳಿ ಕುಳಿತ ಹೆಂಗಸರ ಬೆರಳುಗಳೇನು ಮಂದವೇ? ಮಕ್ಕಳ ಕೂಲಿ ಕಡಿಮೆ, ಮಕ್ಕಳು ಎದುರಾಡುವುದಿಲ್ಲ. ಇದ್ದ ಕಾರಣ ಇಷ್ಟೇ.

ಈ ಉದ್ಯಮಕ್ಕೆ ಹೊರನಾಡಿನ ಹಣ ಹರಿದು ಬಂದುದು ಹೊಸತೇನಲ್ಲ. 1980ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕ ರೇಷ್ಮೆ ಯೋಜನೆ ಆರಂಭವಾಯಿತು. 1989ರಲ್ಲಿ ರಾಷ್ಟ್ರೀಯ ರೇಷ್ಮೆ ಯೋಜನೆ ಬಂದಿತು. ಅದರಲ್ಲಿ ಸ್ವಿಟ್ಜರ್ಲೆಂಡ್ ದೇಶವೂ ಕೈಗೂಡಿಸಿತ್ತು. 1991ರಿಂದ ಜಪಾನಿನ ತಜ್ಞರು ಮೈಸೂರಿನ ಸಂಶೋಧನಾ ಸಂಸ್ಥೆಯಲ್ಲಿ ಉತ್ತಮ ತಳಿಗಳಿಗಾಗಿ ಶ್ರಮಿಸಿದರು. (ವಿಶ್ವಬ್ಯಾಂಕಿನದನ್ನು ನೆರವೆಂದು ಕರೆದರೂ ಅದು ಹಿಂದಿರುಗಿಸಬೇಕಾದ ಸಾಲವೆಂಬುದನ್ನು ನೆನೆಯಬೇಕು.) ಇವುಗಳಿಂದ ರೈತನಿಗೆ ಪ್ರಯೋಜನವಾಯಿತು, ಸಂದೇಹವಿಲ್ಲ. ಆದರೆ ಲೆಕ್ಕವನ್ನಿಟ್ಟವರು ಗೂಡನ್ನು ತೂಗಿದರು, ನೂಲನ್ನು ಅಳೆದರು. ತೊಟ್ಟಿಯ ಬಳಿ ಕುಳಿತ ಮಗುವನ್ನು ಎಣಿಸಲಿಲ್ಲ. 2003ರಲ್ಲಿ ಅಮೆರಿಕದ ಹ್ಯೂಮನ್ ರೈಟ್ಸ್ ವಾಚ್ ಎಂಬ ಸಂಸ್ಥೆ ಭಾರತದ ರೇಷ್ಮೆ ಉದ್ಯಮದಲ್ಲಿನ ಮಕ್ಕಳ ಜೀತವನ್ನು ಕುರಿತು ವರದಿಯೊಂದನ್ನು ಪ್ರಕಟಿಸಿದಾಗ, ಅದರಲ್ಲಿ ಕರ್ನಾಟಕದ ಘಟಕಗಳ ಸ್ಥಿತಿಯೂ ದಾಖಲಾಯಿತು.

ಈ ವೇಳೆಗೆ ಮಕ್ಕಳ ಬಿಡುಗಡೆಗೆಂದೇ ಮೀಸಲಾದ ವಿದೇಶೀ ಹಣವೂ ಬರತೊಡಗಿತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1992ರಲ್ಲಿ ಜರ್ಮನಿಯ ಧನಸಹಾಯದೊಡನೆ ಬಾಲಕಾರ್ಮಿಕ ನಿರ್ಮೂಲನ ಕಾರ್ಯಕ್ರಮವನ್ನು ಆರಂಭಿಸಿದಾಗ, ಅದಕ್ಕೆ ಮೊದಲು ಸೇರಿದ ದೇಶಗಳಲ್ಲಿ ನಮ್ಮದೂ ಒಂದು. ಸಂಜೆಯ ಶಾಲೆಗಳು, ಪೋಷಕರ ಸಭೆಗಳು, ಭಿತ್ತಿಚಿತ್ರಗಳು ಇಂಥ ಯೋಜನೆಗಳ ಸಾಮಾನ್ಯ ಚಟುವಟಿಕೆಗಳು. ಇವೆಲ್ಲ ಒಳ್ಳೆಯವೇ. ಆದರೆ ಮಗುವನ್ನು ಕಟ್ಟಿಹಾಕಿದ ಹಗ್ಗ ಯಾವುದು?

ಅದು ಮುಂಗಡ. ತಂದೆಯ ಔಷಧಕ್ಕೋ, ಅಕ್ಕನ ಮದುವೆಗೋ, ಬಿದ್ದ ಗೋಡೆಗೋ ಮನೆಯವರು ಯಜಮಾನನಿಂದ ಸ್ವಲ್ಪ ಹಣ ಪಡೆಯುತ್ತಾರೆ. ಅದಕ್ಕೆ ಈಡಾಗಿ ಮಗುವನ್ನು ಕೆಲಸಕ್ಕೆ ಕಳುಹಿಸುತ್ತಾರೆ. ಮಗುವಿನ ದುಡಿಮೆಗೆ ಕೂಲಿ ಕೊಂಚ ಸಿಗುತ್ತದೆ, ಅಸಲು ಮಾತ್ರ ತೀರದು. ಬೇರೆ ಘಟಕಕ್ಕೆ ಹೋಗಬೇಕಾದರೆ ಹೊಸ ಯಜಮಾನ ಹಳೆಯವನ ಬಾಕಿಯನ್ನು ಸಲ್ಲಿಸಬೇಕು. ಸಾಲ ಮಗುವಿನ ಬೆನ್ನು ಹತ್ತಿ ಹೋಗುತ್ತದೆ. ಇಂಥ ಸಾಲವೇ ಊರ್ಜಿತವಲ್ಲವೆಂದು 1976ರ ಜೀತಪದ್ಧತಿ ರದ್ದತಿ ಕಾಯಿದೆ ಸಾರಿತು. 1996ರ ಡಿಸೆಂಬರ್ 10ರಂದು ಸರ್ವೋಚ್ಚ ನ್ಯಾಯಾಲಯವು, ಅಪಾಯಕರ ಕೆಲಸದಲ್ಲಿ ಮಗುವನ್ನು ದುಡಿಸಿದ ಮಾಲೀಕ ಮಗುವೊಂದಕ್ಕೆ 20,000 ರೂಪಾಯಿಗಳನ್ನು ಕಲ್ಯಾಣನಿಧಿಗೆ ಕಟ್ಟಬೇಕೆಂದು ತೀರ್ಪಿತ್ತಿತು. ಕಾಯಿದೆಗಳಿಗೆ ಕೊರತೆಯಿರಲಿಲ್ಲ. ಆದರೆ ನಡುರಾತ್ರಿ ಜ್ವರ ಏರಿದಾಗ ಕಾಯಿದೆ ಹಣ ಕೊಡುವುದಿಲ್ಲ, ಯಜಮಾನ ಕೊಡುತ್ತಾನೆ.

ಆದುದರಿಂದಲೇ, ಮಗುವಿನ ಹೆಸರನ್ನೇ ಎತ್ತದೆ ಬಂದ ಹಣ ಹೆಚ್ಚು ಸಾರ್ಥಕವಾಗಬಲ್ಲದೆಂದು ನನಗೆ ತೋರುತ್ತದೆ. ನೆದರ್ಲೆಂಡ್ಸ್ ದೇಶದ ನೆರವಿನಿಂದ ಆರಂಭವಾದ ಮಹಿಳಾ ಸಮಖ್ಯಾ ಕಾರ್ಯಕ್ರಮವು 1989ರಲ್ಲಿ ಕರ್ನಾಟಕದ ಕೆಲವು ಜಿಲ್ಲೆಗಳಿಗೆ ಬಂದಿತು. ಅದು ಹೊಲಿಗೆಯಂತ್ರ ಹಂಚಲಿಲ್ಲ. ಹಳ್ಳಿಯ ಬಡ ಹೆಂಗಸರನ್ನು ಸಂಘವಾಗಿ ಕೂಡಿಸಿ, ಕುಳಿತು ಮಾತನಾಡಲು ಎಡೆಮಾಡಿತು. 2000ದ ಸುಮಾರಿಗೆ ರಾಜ್ಯ ಸರಕಾರ ತನ್ನದೇ ಹಣದಿಂದ ಸ್ತ್ರೀಶಕ್ತಿ ಸಂಘಗಳನ್ನು ಊರೂರಿಗೆ ಹರಡಿತು. ವಾರಕ್ಕೆ ಹತ್ತಿಪ್ಪತ್ತು ರೂಪಾಯಿ ಕೂಡಿಸಿದ ತಾಯಿ, ಜ್ವರದ ರಾತ್ರಿ ಸಂಘದ ಪೆಟ್ಟಿಗೆಯ ಬಳಿಗೆ ಹೋಗಬಲ್ಲಳು. ಯಜಮಾನನ ಬಾಗಿಲಿಗೆ ಹೋಗಬೇಕಾಗಿಲ್ಲ.

ಪರದೇಶದ ಹಣ ನಮ್ಮ ನಾಡಿನ ಮಾನ ಕಳೆಯುತ್ತದೆಂದು ಆಕ್ಷೇಪಿಸುವವರಿದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಮಕ್ಕಳು ತಯಾರಿಸಿದ ಸರಕಿನ ಆಮದನ್ನು ನಿಷೇಧಿಸುವ ಮಸೂದೆ 1992ರಲ್ಲಿ ಅಮೆರಿಕದ ಶಾಸನಸಭೆಯ ಮುಂದೆ ಬಂದಾಗ, ಅದರಲ್ಲಿ ಕರುಣೆಯೆಷ್ಟು, ವ್ಯಾಪಾರವೆಷ್ಟು ಎಂದು ಹಲವರು ಶಂಕಿಸಿದರು. ಆದರೆ ವರದಿಯಿಂದ ಮಾನ ಹೋಗುವುದಾದರೆ, ವರದಿಯಲ್ಲಿರುವ ಸಂಗತಿಯಿಂದ ಅದು ಮೊದಲೇ ಹೋಗಿರಬೇಕಲ್ಲವೆ?

ಈಗ ಪರಿಸ್ಥಿತಿ ಬದಲಾಗಿದೆ. ಸ್ವಯಂಚಾಲಿತ ನೂಲು ಬಿಚ್ಚಾಣಿಕೆಯ ಯಂತ್ರಗಳು ರಾಮನಗರಕ್ಕೆ ಬಂದಿವೆ. 2010ರ ಏಪ್ರಿಲ್ 1ರಿಂದ ಶಿಕ್ಷಣದ ಹಕ್ಕು ಜಾರಿಯಲ್ಲಿದೆ. 2016ರ ತಿದ್ದುಪಡಿ ಹದಿನಾಲ್ಕು ತುಂಬದ ಮಕ್ಕಳನ್ನು ಯಾವ ಉದ್ಯೋಗಕ್ಕೂ ಸೇರಿಸಕೂಡದೆಂದಿತು. ಆದರೆ ಶಾಲೆಯ ಹೊತ್ತಿನ ಬಳಿಕ ಮನೆಯ ಕಸುಬಿಗೆ ನೆರವಾಗಬಹುದೆಂಬ ಒಂದು ಕಿಂಡಿಯನ್ನೂ ಬಿಟ್ಟಿತು. ರಾಟೆಯೂ ತೊಟ್ಟಿಯೂ ಮನೆಯ ಜಗುಲಿಯಲ್ಲಿಯೇ ಇರುವ ಸೀಮೆಯಲ್ಲಿ ಆ ಕಿಂಡಿ ಎಷ್ಟು ಅಗಲವೆಂಬುದನ್ನು ದೆಹಲಿಯಲ್ಲಿ ಕುಳಿತು ಅಳೆಯಲಾಗದು. 2020ರ ಕಾಯಿದೆಯಂತೆ, ವಿದೇಶದಿಂದ ದೇಣಿಗೆ ಪಡೆದ ಸಂಸ್ಥೆ ಅದನ್ನು ಮತ್ತೊಂದು ಸಂಸ್ಥೆಗೆ ಹಂಚುವಂತಿಲ್ಲ. ದೊಡ್ಡವರಿಂದ ಪಡೆದು ಹಳ್ಳಿಯಲ್ಲಿ ದುಡಿಯುತ್ತಿದ್ದ ಸಣ್ಣ ಗುಂಪುಗಳಿಗೆ ಆ ದಾರಿ ಮುಚ್ಚಿತು. ಉಳಿದುದು ಗ್ರಾಮ ಪಂಚಾಯಿತಿ, ಅದರ ಮಕ್ಕಳ ಗ್ರಾಮಸಭೆ. ತರಗತಿಯಲ್ಲಿ ಪಕ್ಕದ ಜಾಗ ಎಷ್ಟು ದಿನದಿಂದ ಖಾಲಿಯಿದೆ, ಆ ಗೆಳತಿ ಈಗ ಯಾರ ಮನೆಯ ತೊಟ್ಟಿಯ ಮುಂದೆ ಕುಳಿತಿದ್ದಾಳೆ ಎಂಬುದು ಆ ಸಭೆಗೆ ಬರುವ ಮಕ್ಕಳಿಗೆ ತಿಳಿದಿರುತ್ತದೆ. ಅವರನ್ನು ಕೇಳಲು ಯಾವ ದೇಶದ ಹಣವೂ ಬೇಕಾಗಿಲ್ಲ.