ಹೇಗಿದ್ರೂ ನಿದ್ದೆ ಮಾಡಲ್ವಲ್ಲ

ಕಳೆದ ಜುಲೈ 26ರ ಸಂಜೆ ನಮ್ಮ ಆಫೀಸಿನಲ್ಲಿ ಕಾರ್ಗಿಲ್ ವಿಜಯ ದಿವಸ ಆಚರಿಸಿದರು. ನಿವೃತ್ತ ಸೇನಾಧಿಕಾರಿಯೊಬ್ಬರು ಬಂದು ರಣರಂಗ ಕಲಿಸುವ ಲೀಡರ್‌ಶಿಪ್ ಪಾಠಗಳ ಬಗ್ಗೆ ಒಂದು ಗಂಟೆ ಚೆನ್ನಾಗಿಯೇ ಮಾತಾಡಿದರು. ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದೆವು. ಸಮೋಸಾ ತಿಂದು ಕೆಳಗಿಳಿದರೆ ಗೇಟಿನಲ್ಲಿ ರಾತ್ರಿ ಪಾಳಿಗೆ ಬಂದಿದ್ದ ಸೆಕ್ಯುರಿಟಿಯವರು ಸೆಲ್ಯೂಟ್ ಹೊಡೆದರು. ಅವರೂ ಮಾಜಿ ಸೈನಿಕರೇ. ಅವರನ್ನು ಮೇಲಕ್ಕೆ ಕರೆಯಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ.

ನನಗಾದರೂ ಹೊಳೆಯಬೇಕಿತ್ತು. ಯಾಕೆ ಅಂತ ಹೇಳ್ತೀನಿ.

ಅರಕಲಗೂಡು ಹತ್ತಿರದ ನಮ್ಮೂರಲ್ಲಿ ನನ್ನ ಚಿಕ್ಕಪ್ಪನಿಗೆ 'ಮಿಲ್ಟ್ರಿ' ಅಂತಲೇ ಹೆಸರು. 1999ರಲ್ಲಿ ದ್ರಾಸ್ ಕಡೆ ಇದ್ದವನು. ಹವಾಲ್ದಾರನಾಗಿ ನಿವೃತ್ತಿಯಾಗಿ ಊರಿಗೆ ಬಂದಾಗ ನಲವತ್ತೂ ಆಗಿರಲಿಲ್ಲ. ಮದುವೆ ಮನೆಗೆ ಹೋದರೆ ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವ ಹಾಗೆ ಕೂರುತ್ತಿದ್ದ. ರಾತ್ರಿ ಚಿಲಕ ಹಾಕಿದ್ದನ್ನು ಮೂರು ಸಲ ಎದ್ದು ನೋಡುತ್ತಿದ್ದ. ದೀಪಾವಳಿ ಬಂತು ಅಂದರೆ ಪಂಪ್‌ಸೆಟ್ ಮನೆಗೆ ಹೋಗಿ ಮಲಗುತ್ತಿದ್ದ. ಒಮ್ಮೆ ಚಿಕ್ಕಮ್ಮ ನಿದ್ದೆಯಿಂದ ಎಬ್ಬಿಸಲು ಭುಜ ಮುಟ್ಟಿದ್ದಕ್ಕೆ ಅವಳ ಕೈ ತಿರುಚಿಬಿಟ್ಟಿದ್ದ. ಆಮೇಲೆ ಹಿತ್ತಲಲ್ಲಿ ಕೂತು ಅತ್ತಿದ್ದ. ಅಜ್ಜಿ ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿದಳು. ಊರವರು ಮಿಲ್ಟ್ರಿ ಸಿಟ್ಟು ಅಂದರು. ಆಗಷ್ಟೇ ಬಿಇ ಮುಗಿಸಿ ಬೆಂಗಳೂರು ಸೇರಿದ್ದ ನಾನು, ದೊಡ್ಡ ಬುದ್ಧಿವಂತ, ಅವನಿಗೊಂದು ಸೆಕ್ಯುರಿಟಿ ಕೆಲಸ ಹುಡುಕಿಕೊಟ್ಟೆ.

"ಹೇಗಿದ್ರೂ ರಾತ್ರಿ ನಿದ್ದೆ ಮಾಡಲ್ವಲ್ಲ, ನೈಟ್ ಶಿಫ್ಟೇ ಒಳ್ಳೇದು ಬಿಡು" ಅಂದವನು ನಾನೇ. ಮನೆಯವರೆಲ್ಲ ನಕ್ಕರು. ಚಿಕ್ಕಪ್ಪನೂ ನಕ್ಕ.

ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟು. ಯಾವ ಎಚ್ಚರವನ್ನು ಅವನು ಬೆಟ್ಟದ ಮೇಲೆ ಬಿಟ್ಟು ಬರಬೇಕಿತ್ತೋ ಅದಕ್ಕೇ ನಾವು ಸಂಬಳ ಕೊಟ್ಟು ಕತ್ತಲಲ್ಲಿ ನಿಲ್ಲಿಸಿದೆವು. ಹಗಲು ತಗಡಿನ ಶೀಟಿನ ರೂಮಿನಲ್ಲಿ ಎರಡು ಗಂಟೆ ನಿದ್ದೆ. ಅದೂ ಬರದಿದ್ದರೆ ಕ್ಯಾಂಟೀನ್ ರಮ್ಮು. ಇದನ್ನು ಸ್ವಲ್ಪ ಗಮನಿಸಿ ಸ್ವಾಮಿ. ಮಾಜಿ ಸೈನಿಕರ ಕ್ಯಾಂಟೀನ್ ಕಾರ್ಡಿಗೆ ತಿಂಗಳಿಗಿಷ್ಟು ಬಾಟಲಿ ಅಂತ ಕೋಟಾ ಇದೆ. ಅದನ್ನು ಯಾರೂ ಅವನಿಗೆ ನೆನಪಿಸಬೇಕಾಗಿರಲಿಲ್ಲ. ಚಿಕಿತ್ಸೆಗೆ ಅಂತ 2003ರಿಂದ ಇಸಿಎಚ್‌ಎಸ್ ಯೋಜನೆ ಇದೆ, ಅದರ ಪಾಲಿಕ್ಲಿನಿಕ್‌ನಿಂದ ಮನೋವೈದ್ಯರ ಹತ್ತಿರ ಕಳಿಸುತ್ತಾರೆ ಅಂತ ಮಾತ್ರ ನಮ್ಮ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಮೊಣಕಾಲು ನೋವಿಗೆ ಹೋಗುತ್ತಿದ್ದ, ನಿದ್ದೆಯ ವಿಷಯ ಎತ್ತುತ್ತಿರಲಿಲ್ಲ.

ಕೊನೆಗೆ ಮೂರು ವರ್ಷದ ಮೇಲೆ ಹೋದ. ಪಿಟಿಎಸ್‌ಡಿ ಅಂದರು ಡಾಕ್ಟರು. ಅವರು ಹೇಳಿದ ಮೊದಲ ಮಾತು: ನೈಟ್ ಶಿಫ್ಟ್ ಬಿಡಿ.

ಆಮೇಲೆ ಹೇಳಿದ್ದೆಲ್ಲ ಸಣ್ಣ ಸಣ್ಣವು. ದಿನಾ ಒಂದೇ ಹೊತ್ತಿಗೆ ಏಳಿ, ನಿದ್ದೆಗೆ ಅಂತ ಕುಡಿಯಬೇಡಿ, ಮಾತ್ರೆಯನ್ನು ನೀವಾಗೇ ನಿಲ್ಲಿಸಬೇಡಿ, ವಾರಕ್ಕೊಮ್ಮೆ ಮಾತಾಡಲು ಬನ್ನಿ. ಕೆಟ್ಟ ಕನಸಿಗೆ ಎಚ್ಚರವಾದರೆ ದೀಪ ಹಾಕಿ, ಬರಿಗಾಲು ನೆಲಕ್ಕೆ ಊರಿ, ಕಣ್ಣಿಗೆ ಕಂಡದ್ದರ ಹೆಸರು ಹೇಳಿ. ಚಿಕ್ಕಪ್ಪ ಹೇಳುತ್ತಾನೆ: ಇದು ರಾಗಿ ಮೂಟೆ, ಇದು ಕ್ಯಾಲೆಂಡರ್, ಇದು ಅರಕಲಗೂಡು ತಾಲ್ಲೂಕು. ಚಿಕ್ಕಮ್ಮನಿಗೂ ಪಾಠವಾಯಿತು. ಮುಟ್ಟಿ ಎಬ್ಬಿಸಬೇಡಿ, ಕಾಲ ಕಡೆ ದೂರ ನಿಂತು ಹೆಸರು ಹಿಡಿದು ಕರೆಯಿರಿ. ಮೂವತ್ತು ವರ್ಷದ ಸಂಸಾರದಲ್ಲಿ ಗಂಡನ ಹೆಸರು ಹಿಡಿಯದವಳು ಅವಳು. ಈಗ ಕರೀತಾಳೆ.

ಸೆಲ್ಫ್ ಕೇರ್ ಅಂದರೆ ನಮಗೆ ಎಚ್ಆರ್ ಕಳಿಸುವ ವೆಬಿನಾರ್ ಲಿಂಕು. ಉಸಿರು ಎಳೆಯಿರಿ, ಉಸಿರು ಬಿಡಿ, ಮತ್ತೆ ರಾತ್ರಿ ಹನ್ನೊಂದರ ಕಾಲ್‌ಗೆ ಬನ್ನಿ. ನಾವು ತಮಾಷೆ ಮಾಡಿಕೊಂಡು ಸುಮ್ಮನಾಗ್ತೀವಿ. ಆದರೆ ಇದೇ ಮಾತನ್ನು ಯುದ್ಧದಿಂದ ಬಂದವನಿಗೆ ಹೇಳುವಾಗ ನಮಗೆ ನಗು ಬರಲ್ಲ, ನಿಮ್ಮ ಆರೋಗ್ಯ ನಿಮ್ಮ ಕೈಯಲ್ಲಿದೆ ಅಂತ ಗಂಭೀರವಾಗಿಯೇ ಹೇಳ್ತೀವಿ. ಹೊತ್ತಿಗೆ ಸರಿಯಾಗಿ ಮಲಗಬೇಕಾದವನ ಹೊತ್ತು ಅವನ ಕೈಯಲ್ಲಿತ್ತಾ? ಅದು ಏಜೆನ್ಸಿಯ ರೋಸ್ಟರ್‌ನಲ್ಲಿತ್ತು. ಆ ಏಜೆನ್ಸಿಗೆ ದುಡ್ಡು ಕೊಡುವುದು ನಮ್ಮ ಕಂಪನಿಗಳು, ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ಗಳು. ಮಾಜಿ ಸೈನಿಕರೇ ಬೇಕು, ಶಿಸ್ತು ಚೆನ್ನಾಗಿರುತ್ತೆ ಅಂತ ಮೀಟಿಂಗಿನಲ್ಲಿ ಕೇಳುವವರೂ ನಾವೇ.

ಇದನ್ನೆಲ್ಲ ಟೀಮಿನಲ್ಲಿ ಹೇಳಿದರೆ ಒಬ್ಬ ಗೆಳೆಯ ಸಿಟ್ಟಾದ. ನಮ್ಮ ಜವಾನರು ಗಟ್ಟಿ ಗುರೂ, ಇದೆಲ್ಲ ಅಮೆರಿಕದವರ ಕಾಯಿಲೆ, ಅವರನ್ನ ರೋಗಿಗಳು ಅಂತ ಅವಮಾನ ಮಾಡಬೇಡ ಅಂದ. ಹೆಸರು ಅಮೆರಿಕದ್ದೇ, ಒಪ್ಪಿದೆ. ವಿಯೆಟ್ನಾಂನಿಂದ ಮರಳಿದ ಸೈನಿಕರು ಹೋರಾಡಿದ ಮೇಲೆ 1980ರಲ್ಲಿ ಅಲ್ಲಿಯ ಮನೋವೈದ್ಯರ ಕೈಪಿಡಿಗೆ ಸೇರಿತು. ಅದಕ್ಕೂ ಮುಂಚೆ, ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಹೇಡಿಗಳು, ಓಡಿಹೋದವರು ಅಂತ ತಮ್ಮ ಸೈನಿಕರನ್ನೇ ಗುಂಡಿಟ್ಟು ಕೊಂದರು. ಅಂಥ 306 ಜನರಿಗೆ ಬ್ರಿಟನ್ ಕ್ಷಮಾದಾನ ಕೊಟ್ಟಿದ್ದು 2006ರಲ್ಲಿ. ಗಟ್ಟಿ, ಗಟ್ಟಿ ಅಂತ ಹೊಗಳಿ ಹೊಗಳಿಯೇ ಅಲ್ಲವಾ, ನನ್ನ ಚಿಕ್ಕಪ್ಪ ಮೂರು ವರ್ಷ ಬಾಯಿ ಬಿಡದ ಹಾಗೆ ಮಾಡಿದ್ದು?

2022ರಲ್ಲಿ ಟೆಲಿ ಮಾನಸ್ ಶುರುವಾಗಿದೆ. ನಂಬರ್ 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಗೇಟಿನವರಿಗೆ ಹೇಳಿ. ಆದರೆ ಅಷ್ಟು ಹೇಳಿ ಕೈ ತೊಳ್ಕೋಬೇಡಿ. ಮುಂದಿನ ಅಸೋಸಿಯೇಷನ್ ಮೀಟಿಂಗಿನಲ್ಲಿ ಸಿಸಿ ಕ್ಯಾಮೆರಾ ಎಷ್ಟು ಅಂತ ಕೇಳುವಾಗ, ನೈಟ್ ಶಿಫ್ಟ್ ಎಷ್ಟು ಗಂಟೆ, ಎಷ್ಟು ವಾರ ಸತತವಾಗಿ ಒಬ್ಬನಿಗೇ ಹಾಕ್ತೀರಿ, ಬೇಡ ಅಂದರೆ ಕೆಲಸ ಹೋಗುತ್ತಾ ಅಂತಲೂ ಕೇಳಿ.

ನಾನು ಅಡ್ಮಿನ್‌ಗೆ ಮೇಲ್ ಹಾಕಿದೆ. ಅದು ವೆಂಡರ್ ಪಾಲಿಸಿ ಅಂತ ಒಂದು ಸಾಲಿನ ಉತ್ತರ ಬಂತು. ಮತ್ತೆ ಹಾಕಿದ್ದೀನಿ. ಮೊನ್ನೆ ನಮ್ಮ ಗೇಟಿನವರನ್ನು, "ಹಗಲು ಎಷ್ಟು ಹೊತ್ತು ಮಲಗ್ತೀರಿ?" ಅಂತ ಕೇಳಿದೆ. ಇಷ್ಟು ವರ್ಷದಲ್ಲಿ ಇಲ್ಲಿ ಯಾರೂ ಕೇಳಿರಲಿಲ್ಲವೇನೋ, ನನ್ನ ಐಡಿ ಕಾರ್ಡನ್ನೇ ಒಮ್ಮೆ ನೋಡಿದರು.

"ಎರಡು ಗಂಟೆ ಸಾರ್. ಪಕ್ಕದ ಬಿಲ್ಡಿಂಗಲ್ಲಿ ಡ್ರಿಲ್ಲಿಂಗ್ ನಡೀತಿದೆ."