ತಾಳ್ಮೆಗೂ ಒಂದು ಮಿತಿ ಇರಲಿ

ನಮ್ಮ ನವಲಗುಂದದ ಕಡೆ ಕೆಲಸ ಬಿಟ್ಟು ಊರಿಗೆ ಬಂದ ಹುಡುಗನಿಗೆ ಮೊದಲು ಸಿಗುವುದು ಬುದ್ಧಿಮಾತು. ‘ಸಾಹೇಬ್ರು ಅಂದಮ್ಯಾಲೆ ಬೈತಾರ, ತಾಳ್ಕೋಬೇಕಪಾ. ತಾಳಿದವನು ಬಾಳಿಯಾನು’ ಎನ್ನುತ್ತಾರೆ ಹಿರಿಯರು. ಗಾದೆ ಸುಳ್ಳಲ್ಲ. ಆದರೆ ಎಲ್ಲ ಬೈಗುಳವೂ ಒಂದೇ ಅಲ್ಲ.

ಬಿ.ಕಾಂ. ಮುಗಿಸಿ ಹುಬ್ಬಳ್ಳಿಯ ಖಾಸಗಿ ಹಣಕಾಸು ಸಂಸ್ಥೆಯೊಂದಕ್ಕೆ ಸೇರಿದ್ದೆ. ಮೊದಲ ತಿಂಗಳು ಮ್ಯಾನೇಜರ್ ತಮ್ಮನಂತೆ ನೋಡಿಕೊಂಡರು. ಆಮೇಲೆ ಟಾರ್ಗೆಟ್ ಮುಟ್ಟಿದರೆ ಹೆಸರು ಅವರಿಗೆ, ತಪ್ಪಿದರೆ ಹೊಣೆ ನಮಗೆ. ಒಮ್ಮೆ ನನ್ನ ವಸೂಲಿ ಕೆಲಸವನ್ನು ಮೇಲಧಿಕಾರಿಯೊಬ್ಬರು ಹೊಗಳಿದರು. ಮರುದಿನದಿಂದ ನನ್ನ ಹಳ್ಳಿ ಮಾತು ಎಲ್ಲರೆದುರು ನಗೆಪಾಟಲಾಯಿತು. ಗೆಳೆಯರ ನಡುವೆ ಚಾಡಿ ಹಚ್ಚಿ ಒಬ್ಬರ ಮೇಲೊಬ್ಬರನ್ನು ಕಾವಲಿಟ್ಟರು. ಸಹೋದ್ಯೋಗಿಯೊಬ್ಬಳು ಅತ್ತಾಗ ಅವರ ಮುಖದಲ್ಲಿ ಕಂಡದ್ದು ತೃಪ್ತಿ. ಎಂಟು ತಿಂಗಳಿಗೆ ಬೇರೆ ಕೆಲಸ ಹುಡುಕಿಕೊಂಡು ಹೊರಬಂದೆ. ಅವರ ಬಳಿಯಿದ್ದ ಮೂಲ ಅಂಕಪಟ್ಟಿ ಪಡೆಯಲು ಮತ್ತೆರಡು ತಿಂಗಳು ಅಲೆದೆ.

ಇಂಥ ಸ್ವಭಾವವನ್ನು ಮನೋವಿಶ್ಲೇಷಕ ಎರಿಕ್ ಫ್ರಾಮ್ 1964ರಲ್ಲೇ ‘ಮ್ಯಾಲಿಗ್ನಂಟ್ ನಾರ್ಸಿಸಿಸಂ’ ಎಂದು ಕರೆದಿದ್ದರು. ಮಾರಕ ಆತ್ಮರತಿ ಎನ್ನೋಣ. ಮುಂದೆ ಮನೋವೈದ್ಯ ಒಟ್ಟೊ ಕರ್ನ್‌ಬರ್ಗ್ ಅದರಲ್ಲಿ ನಾಲ್ಕು ಎಳೆಗಳನ್ನು ಗುರುತಿಸಿದರು: ತಾನೇ ದೊಡ್ಡವನೆಂಬ ಭಾವ, ನೀತಿ ನಿಯಮಕ್ಕೆ ಅಂಜದ ನಡತೆ, ನೋಯಿಸುವುದರಲ್ಲಿ ತಪ್ಪೇ ಕಾಣದ ಕ್ರೌರ್ಯ, ಎಲ್ಲರ ಮೇಲೂ ಸಂಶಯ. ಮನೋವೈದ್ಯರ ರೋಗಪಟ್ಟಿಯಲ್ಲಿ ಇದು ಪ್ರತ್ಯೇಕ ಕಾಯಿಲೆಯಲ್ಲ. ಯಾರಿಗೂ ಈ ಹಣೆಪಟ್ಟಿ ಹಚ್ಚಲು ನಾವು ವೈದ್ಯರೂ ಅಲ್ಲ. ನಡತೆಯನ್ನು ಗುರುತಿಸಿದರೆ ಸಾಕು. ಕಟ್ಟುನಿಟ್ಟಿನ ಅಧಿಕಾರಿ ಬೈದ ಮೇಲೆ ಎಲ್ಲಿ ತಿದ್ದಿಕೊಳ್ಳಬೇಕೆಂದು ತಿಳಿಯುತ್ತದೆ. ಇಂಥವರು ಬೈದ ಮೇಲೆ ಉಳಿಯುವುದು ಭಯ ಮಾತ್ರ.

ಹಳ್ಳಿಯ ಹುಡುಗ ಹುಡುಗಿಯರೇ ಇವರಿಗೆ ಸುಲಭವಾಗಿ ಸಿಗುವುದೇಕೆ? ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ನಂಬಿದ ಮನೆಗೆ ಮಳೆ ಕೈಕೊಟ್ಟರೆ ತಿಂಗಳ ಸಂಬಳವೇ ಆಧಾರ. ನಮ್ಮಲ್ಲಿ ಬಹಳ ಮಂದಿ ಮನೆಯಿಂದ ಆಫೀಸು ಮೆಟ್ಟಿಲು ಹತ್ತಿದ ಮೊದಲಿಗರು. ಯಾವುದು ಶಿಸ್ತು, ಯಾವುದು ದಬ್ಬಾಳಿಕೆ ಎಂದು ಕೇಳಲು ಮನೆಯಲ್ಲಿ ಯಾರೂ ಇಲ್ಲ. ಈ ಅಸಹಾಯಕತೆ ಅವರಿಗೆ ಚೆನ್ನಾಗಿ ಗೊತ್ತು.

ಹೊಸದಾಗಿ ಕೆಲಸಕ್ಕೆ ಸೇರುವ ಗೆಳೆಯರೇ, ಅಂಕಪಟ್ಟಿಯ ಝೆರಾಕ್ಸ್ ಕೊಡಿ, ಮೂಲಪ್ರತಿ ಒಪ್ಪಿಸಬೇಡಿ. ಬಾಯಿಮಾತಿನ ಆದೇಶವನ್ನು ಮೆಸೇಜಿನಲ್ಲಿ ಖಚಿತಪಡಿಸಿಕೊಳ್ಳಿ, ನಡೆದದ್ದನ್ನು ದಿನಾಂಕ ಸಮೇತ ಬರೆದಿಡಿ. ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆಯಿದೆ. ಹತ್ತಕ್ಕಿಂತ ಕಡಿಮೆ ನೌಕರರಿರುವ ಕಡೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ನಿದ್ದೆ, ಊಟ ಬಿಡುವಷ್ಟು ಮನಸ್ಸು ಕುಗ್ಗಿದರೆ ಟೆಲಿ-ಮನಸ್ 14416ಕ್ಕೆ ಉಚಿತವಾಗಿ ಕರೆ ಮಾಡಿ. ಧಾರವಾಡದಲ್ಲೇ ಡಿಮ್ಹಾನ್ಸ್ ಇದೆ. ಅಲ್ಲಿಗೆ ಹೋಗುವುದು ನಾಚಿಕೆಯ ಮಾತಲ್ಲ.

ಸಂಸ್ಥೆಗಳಿಗೂ ಒಂದು ಮಾತು. ಒಂದೇ ಶಾಖೆಯಿಂದ ಹುಡುಗರು ಸಾಲಾಗಿ ಕೆಲಸ ಬಿಡುತ್ತಿದ್ದರೆ ‘ಈಗಿನವರಿಗೆ ತಾಳ್ಮೆ ಇಲ್ಲ’ ಎನ್ನುವ ಮೊದಲು, ಬಿಟ್ಟುಹೋದವರನ್ನು ಒಮ್ಮೆ ಕರೆದು ಕೇಳಿ.