ಉಡುಪಿನ ಹೆಸರಿಗೆ ಕಾನೂನಿನ ಕಾವಲು

ಉಡುಪಿನ ಮೇಲಿನ ಪುಟ್ಟ ಲಾಂಛನವೊಂದು ಎಷ್ಟು ದೊಡ್ಡ ವ್ಯಾಜ್ಯಕ್ಕೆ ಕಾರಣವಾಗಬಲ್ಲದು ಎಂಬುದಕ್ಕೆ ದೆಹಲಿ ಹೈಕೋರ್ಟ್‌ನ ಪ್ರಕರಣವೊಂದು ನಿದರ್ಶನ. 'ಬೆವರ್ಲಿ ಹಿಲ್ಸ್ ಪೋಲೊ ಕ್ಲಬ್' ಬ್ರ್ಯಾಂಡ್‌ನ ಕುದುರೆ ಸವಾರನ ಚಿಹ್ನೆಯನ್ನು ಹೋಲುವ ಗುರುತಿನ ಉಡುಪುಗಳು ಅಮೆಜಾನ್ ಜಾಲತಾಣದಲ್ಲಿ ಮಾರಾಟವಾಗಿದ್ದವು. 2020ರಲ್ಲಿ ಆರಂಭವಾದ ಈ ದಾವೆಯಲ್ಲಿ ಏಕಸದಸ್ಯ ಪೀಠವು 2025ರ ಫೆಬ್ರುವರಿಯಲ್ಲಿ ಅಮೆಜಾನ್ ಸಮೂಹದ ಸಂಸ್ಥೆಗೆ ಸುಮಾರು 340 ಕೋಟಿ ರೂಪಾಯಿ ಪಾವತಿಸುವಂತೆ ಆದೇಶಿಸಿತು. ಜುಲೈನಲ್ಲಿ ವಿಭಾಗೀಯ ಪೀಠ ಅದಕ್ಕೆ ತಡೆ ನೀಡಿತು.

ಕೋಟಿಗಳ ಈ ಕಾದಾಟ ದೊಡ್ಡವರದ್ದು. ಆದರೆ ಅದು ಎತ್ತುವ ಪ್ರಶ್ನೆ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕಕ್ಕೂ, ಬೆಂಗಳೂರಿನ ಮನೆಯೊಂದರಿಂದ ಕುರ್ತಾ ಮಾರುವ ಮಹಿಳೆಗೂ ಅನ್ವಯಿಸುತ್ತದೆ. ಬೆವರು ಸುರಿಸಿ ಬೆಳೆಸಿದ ಹೆಸರು ಯಾರ ಸ್ವತ್ತು?

ಜಿಎಸ್‌ಟಿ ಸಂಖ್ಯೆ ಅಥವಾ ಕಂಪನಿ ನೋಂದಣಿ ಇದ್ದರೆ ಹೆಸರೂ ತಮ್ಮದೇ ಎಂಬ ಭಾವನೆ ಸಣ್ಣ ಉದ್ಯಮಿಗಳಲ್ಲಿ ಸಾಮಾನ್ಯ. ವಾಸ್ತವದಲ್ಲಿ ಮೊದಲನೆಯದು ತೆರಿಗೆಗೆ, ಎರಡನೆಯದು ಸಂಸ್ಥೆಯ ಅಸ್ತಿತ್ವಕ್ಕೆ ಸಂಬಂಧಿಸಿದ್ದು. ಬ್ರ್ಯಾಂಡ್‌ಗೆ ರಕ್ಷಣೆ ದೊರೆಯುವುದು 1999ರ ವ್ಯಾಪಾರ ಚಿಹ್ನೆ ಕಾಯ್ದೆಯಡಿ. ಸಿದ್ಧ ಉಡುಪುಗಳು 25ನೇ ವರ್ಗದಲ್ಲಿ, ಬಟ್ಟೆಯ ಥಾನುಗಳು 24ನೇ ವರ್ಗದಲ್ಲಿ ಬರುತ್ತವೆ. 2017ರ ನಿಯಮಗಳು ವ್ಯಕ್ತಿಗಳು, ನವೋದ್ಯಮಗಳು ಹಾಗೂ ಸಣ್ಣ ಉದ್ಯಮಗಳಿಗೆ ಪ್ರತಿ ವರ್ಗದ ಆನ್‌ಲೈನ್ ಅರ್ಜಿಗೆ 4,500 ರೂಪಾಯಿ, ಇತರರಿಗೆ 9,000 ರೂಪಾಯಿ ಶುಲ್ಕ ನಿಗದಿಪಡಿಸಿದವು. ಪರಿಶೀಲನೆಯಲ್ಲಿ ಅಂಗೀಕಾರವಾದ ಚಿಹ್ನೆಯು ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ; ಆಕ್ಷೇಪಣೆಗೆ ನಾಲ್ಕು ತಿಂಗಳ ಅವಕಾಶವಿದೆ. ನೋಂದಣಿ ಹತ್ತು ವರ್ಷ ಊರ್ಜಿತ, ಬಳಿಕ ನವೀಕರಿಸಬಹುದು.

ನೋಂದಾಯಿಸದವರನ್ನು ಕಾನೂನು ಸಂಪೂರ್ಣ ಕೈಬಿಟ್ಟಿಲ್ಲ. ಮೊದಲಿನಿಂದ ಬಳಸುತ್ತ ಬಂದವರ ಹಕ್ಕನ್ನು, ನಂತರ ನೋಂದಾಯಿಸಿದವರ ಎದುರೂ, ಕಾಯ್ದೆ ಮಾನ್ಯ ಮಾಡುತ್ತದೆ. ತೊಡಕಿರುವುದು ಸಾಬೀತುಪಡಿಸುವಲ್ಲಿ. ಹಳೆಯ ಬಿಲ್ಲು, ಜಾಹೀರಾತು, ಲೆಕ್ಕಪತ್ರಗಳನ್ನೆಲ್ಲ ಹುಡುಕಿ ನ್ಯಾಯಾಲಯದ ಮುಂದಿಡಬೇಕು. ನೋಂದಣಿ ಇದ್ದರೆ ಆ ಪ್ರಮಾಣಪತ್ರವೇ ಮೇಲ್ನೋಟದ ಸಾಕ್ಷ್ಯ. ಸಣ್ಣವರ ಪಾಲಿಗೆ ಇದೇ ನಿರ್ಣಾಯಕ ವ್ಯತ್ಯಾಸ.

ಹೆಸರಿನ ಆಯ್ಕೆಯಲ್ಲೂ ಎಚ್ಚರ ಅಗತ್ಯ. ಬಟ್ಟೆಯ ಗುಣವನ್ನೋ ಊರನ್ನೋ ಬಣ್ಣಿಸುವಷ್ಟಕ್ಕೇ ಸೀಮಿತವಾದ ಪದಕ್ಕೆ ನೋಂದಣಿ ದೊರೆಯುವುದು ಕಷ್ಟ. ಮೈಸೂರು ರೇಷ್ಮೆ, ಇಳಕಲ್ ಸೀರೆಗಳಿಗೆ ದೊರೆತಿರುವ ಜಿಐ ಮಾನ್ಯತೆ ಬೇರೆಯೇ ಬಗೆಯದು. ಅದು ಒಂದು ಪ್ರದೇಶದ ಉತ್ಪನ್ನಕ್ಕೆ ಸಲ್ಲುವ ಮಾನ್ಯತೆಯೇ ಹೊರತು ಒಬ್ಬ ವ್ಯಾಪಾರಿಯ ಖಾಸಗಿ ಗುರುತಲ್ಲ. ಸ್ವಂತವಾಗಿ ರೂಪಿಸಿದ, ಬಟ್ಟೆಗೆ ನೇರ ಸಂಬಂಧವಿಲ್ಲದ ಹೆಸರೇ ಹೆಚ್ಚು ಸುರಕ್ಷಿತ.

ಇಷ್ಟಾದರೂ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿ ನಿಶ್ಚಿಂತರಾಗುವಂತಿಲ್ಲ. ನೋಂದಣಿಯ ಬಳಿಕ ಐದು ವರ್ಷಕ್ಕೂ ಹೆಚ್ಚು ಕಾಲ ನಿರಂತರವಾಗಿ ಬಳಸದ ಚಿಹ್ನೆಯನ್ನು ರದ್ದುಪಡಿಸುವಂತೆ ಇತರರು ಕೋರಬಹುದು. ನಕಲು ಕಂಡಾಗ ಆಕ್ಷೇಪಿಸುವ ಹೊಣೆಯೂ ಮಾಲೀಕರದ್ದೇ. ದೆಹಲಿಯ ಪ್ರಕರಣ ತೋರಿಸುವಂತೆ, ಆ ಹಾದಿ ದೀರ್ಘವಾಗಬಲ್ಲದು. ಕೈಗೆ ಬಂದಂತೆ ಕಂಡ ಪರಿಹಾರವೂ ಮೇಲ್ಮನವಿಯಲ್ಲಿ ತಡೆಹಿಡಿಯಲ್ಪಡಬಹುದು. ವರ್ಷಗಟ್ಟಲೆ ವಕೀಲರನ್ನು ನೇಮಿಸಿಕೊಳ್ಳುವ ಶಕ್ತಿಯಿಲ್ಲದ ಸಣ್ಣ ಉದ್ಯಮಿಗೆ, ಮೊದಲ ಅಂಗಿ ಮಾರುಕಟ್ಟೆಗೆ ಬರುವ ಮುನ್ನವೇ ಅರ್ಜಿ ಸಲ್ಲಿಸುವುದು ಅತ್ಯಂತ ಅಗ್ಗದ ವಿಮೆ.